ಯಾವ ಜಾತಕ ನೋಡೋಣ?





ಹೆಬ್ಬಾಳದ ನಮ್ಮ ಭಾನುವಾರದ ಓದಿನಲ್ಲಿ ಒಬ್ಬ ಅಕ್ಕ ಕೇಳಿದರು: "ಗಂಡಿನ ಕಡೆಯವರು ಮಗಳು ಹುಟ್ಟಿದ ಹೊತ್ತು ಕೇಳಿಕೊಂಡು ಹೋದರು. ಆಮೇಲೆ ಕುಜದೋಷ ಇದೆ, ಬೇಡ ಅಂದರು. ಅವರೂ ದೀಕ್ಷೆ ತಗೊಂಡವರೇ. ಅಷ್ಟು ಭಯಂಕರವಾ ಆ ಗ್ರಹ?"

ಕುಜ ಅಂದರೆ ಮಂಗಳ. ಭಯಂಕರ ಹೌದು, ಅಲ್ಲಿ ಹೋಗಿ ನಿಂತವರಿಗೆ. ಗಾಳಿಯ ಒತ್ತಡ ನಮ್ಮ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ, ಉಸಿರಾಡುವಂಥ ಗಾಳಿಯೂ ಅಲ್ಲ. ಆದರೆ ಅದು ಹತ್ತಿರ ಬಂದಾಗಲೂ ನಮ್ಮಿಂದ 5 ಕೋಟಿ ಕಿಲೋಮೀಟರಿಗೂ ಆಚೆ ಇರುತ್ತದೆ. ಅಲ್ಲಿಂದ ಬಂದು ಆರ್.ಟಿ. ನಗರದ ಒಂದು ಸಂಬಂಧ ಮುರಿಯಲು ಅದಕ್ಕೆ ನಮ್ಮ ಮೇಲೇನು ಹಗೆ? ಇಸ್ರೋದವರು ಮಂಗಳಯಾನ ಹಾರಿಸಿದ್ದು 2013ರ ನವೆಂಬರ್ 5ರಂದು, ಅದೂ ಮಂಗಳವಾರ! 2014ರ ಸೆಪ್ಟೆಂಬರ್ 24ರಂದು ಅದನ್ನು ಮಂಗಳನ ಕಕ್ಷೆಗೆ ಸೇರಿಸಿದವರು ಕುಳಿತಿದ್ದು ಇಲ್ಲೇ, ಯಶವಂತಪುರದಾಚೆಯ ಪೀಣ್ಯದ ಕೇಂದ್ರದಲ್ಲಿ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು.

ಇನ್ನು ಶುಕ್ರ. ಜ್ಯೋತಿಷಿಗಳ ಲೆಕ್ಕದಲ್ಲಿ ಶುಭಗ್ರಹ. ಕೈತುಂಬ ದುಡ್ಡು ಬಂದವನಿಗೆ ಶುಕ್ರದೆಸೆ ಅನ್ನುತ್ತೇವೆ. ನಿಜವಾದ ಶುಕ್ರನ ಮೇಲೆ ಸುಮಾರು 460 ಡಿಗ್ರಿ ಬಿಸಿ, ಸೀಸವೂ ಕರಗುತ್ತದೆ. ಗಾಳಿಯ ಒತ್ತಡ ನಮ್ಮದರ 90 ಪಟ್ಟು, ಮೇಲೆ ಗಂಧಕಾಮ್ಲದ ಮೋಡ. 1982ರಲ್ಲಿ ಅಲ್ಲಿಳಿದ ಸೋವಿಯತ್ ನೌಕೆ ವೆನೆರಾ 13 ಕೆಲಸ ಮಾಡಿದ್ದು 127 ನಿಮಿಷ ಮಾತ್ರ. ನೆಲವಿರುವ ಗ್ರಹಗಳಲ್ಲಿ ಇದಕ್ಕಿಂತ ಘೋರವಾದದ್ದಿಲ್ಲ. ಎಲ್ಲರೂ ಬೆವರುವ ಶನಿಗೋ ಕಾಲಿಡಲು ನೆಲವೇ ಇಲ್ಲ, ಅನಿಲದ ಉಂಡೆ. ದೂರದರ್ಶಕದಲ್ಲಿ ಅದರ ಬಳೆ ನೋಡಿ, ಅಷ್ಟು ಚೆಂದದ್ದು ಇನ್ನೊಂದಿಲ್ಲ ಅನ್ನುತ್ತೇನೆ.

"22 ಪ್ರತಿಜ್ಞೆಗಳಲ್ಲಿ ಗ್ರಹಗಳ ಹೆಸರಿಲ್ಲವಲ್ಲ" ಎಂದು ಒಬ್ಬ ಅಣ್ಣ ವಾದ ತೆಗೆದರು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಕೊಟ್ಟ ಆ ಪಟ್ಟಿಯ 7ನೆಯದನ್ನು ಓದಲಿ: ಬುದ್ಧರ ಬೋಧನೆಗೆ ವಿರುದ್ಧವಾಗಿ ನಡೆಯಬಾರದು ಎಂದಿದೆ. ಗ್ರಹಚಾರ, ಮುಹೂರ್ತ ಹೇಳಿ ಹೊಟ್ಟೆ ಹೊರೆಯುವುದನ್ನು ಬ್ರಹ್ಮಜಾಲ ಸುತ್ತದಲ್ಲಿ ಭಗವಾನರು ಹೀನ ವಿದ್ಯೆಯೆಂದೇ ಎಣಿಸಿದ್ದಾರೆ.

ಜಾತಕ ನೋಡಲೇಬೇಕೆಂದರೆ ನಕ್ಖತ್ತ ಜಾತಕ ನೋಡೋಣ. ವಾರಾಣಸಿಯ ಒಂದು ಮನೆಯವರು ಹಳ್ಳಿಯ ಹುಡುಗಿಯನ್ನು ಗೊತ್ತುಮಾಡಿ, ದಿನ ಇಟ್ಟು, ಆಮೇಲೆ ತಮ್ಮ ಮನೆಗೆ ಬರುತ್ತಿದ್ದ ಆಜೀವಕನನ್ನು ಕೇಳಿದರು. ಮೊದಲೇ ತನ್ನನ್ನು ಕೇಳಲಿಲ್ಲವೆಂಬ ಸಿಟ್ಟು ಅವನಿಗೆ. ಇವತ್ತು ನಕ್ಷತ್ರ ಸರಿಯಿಲ್ಲ ಅಂದುಬಿಟ್ಟ. (ಗ್ರಹದ ಸಿಟ್ಟಲ್ಲ, ಗಮನಿಸಿ!) ಇವರು ಹೋಗಲಿಲ್ಲ. ಹಳ್ಳಿಯವರು ಕಾದು ಕಾದು, ಹುಡುಗಿಯನ್ನು ಬೇರೆ ಗಂಡಿಗೆ ಕೊಟ್ಟರು. ಮರುದಿನ ಇವರು ಬಂದು ಜಗಳ ತೆಗೆದದ್ದೊಂದೇ ಲಾಭ.

ಹೆಣ್ಣು ನೋಡಲು ಬಂದವರು ಹುಟ್ಟಿದ ಗಳಿಗೆ ಕೇಳಿದರೆ ಈ ಕಥೆ ಹೇಳಿ. ನಾವು ಅವರನ್ನು ಕೇಳಬೇಕಾದದ್ದೂ ಇದೆ: ಹುಡುಗ ಕುಡಿಯುತ್ತಾನಾ, ಕೈ ಎತ್ತುತ್ತಾನಾ, ನಮ್ಮ ಹುಡುಗಿಯನ್ನು ಕೆಲಸಕ್ಕೆ ಹೋಗಲು ಬಿಡುತ್ತಾನಾ?

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್ 🙏