‘ಅವರು’ ಎಂದರೆ ಯಾರು?

‘ಎಲ್ಲಾ ಅವರಿಂದಲೇ ಹಾಳಾಯಿತು’ ಎಂಬ ಮಾತನ್ನು ಲೋಕಲ್ ಗಾಡಿಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ನಾವು ಕೇಳುತ್ತಲೇ ಇರುತ್ತೇವೆ, ಆಡುತ್ತೇವೆ ಕೂಡ. ಆದರೆ ಈ ‘ಅವರು’ ಯಾರು?

ಜನರ ಅಸಮಾಧಾನ ಒಂದೇ ಬಗೆಯದಲ್ಲ. ಮೊದಲನೆಯದು ಮೇಲಕ್ಕೆ ನೋಡುವ ಕೋಪ: ಆಳುವವರೂ ಉಳ್ಳವರೂ ಕೂಡಿ ನಮ್ಮನ್ನು ವಂಚಿಸುತ್ತಿದ್ದಾರೆ ಎಂಬುದು. 1971ರ ಚುನಾವಣೆಯಲ್ಲಿ ‘ಗರೀಬಿ ಹಠಾವೋ’ ಎಂಬ ಎರಡೇ ಶಬ್ದಗಳು ಈ ಕೋಪವನ್ನು ಮುಟ್ಟಿದವು. ಇಂದಿರಾ ಗಾಂಧಿಯವರ ಪಕ್ಷ 352 ಸ್ಥಾನ ಗೆದ್ದಿತು.

ಎರಡನೆಯದು ಪಕ್ಕಕ್ಕೆ ನೋಡುವ ಕೋಪ: ನಮ್ಮ ಅನ್ನವನ್ನು ಹೊರಗಿನವನು ಕಸಿದ ಎಂಬುದು. 1960ರ ದಶಕದ ಮುಂಬಯಿಯಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿದ್ದ ಮರಾಠಿಯೇತರರ ಹೆಸರುಗಳ ಪಟ್ಟಿಯನ್ನೇ ಅಚ್ಚು ಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು. ದಕ್ಷಿಣದವರೆಲ್ಲ ‘ಮದರಾಸಿ’ಗಳಾದಾಗ ಕನ್ನಡಿಗರೂ ಅದರೊಳಗೆ ಬಂದರು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದುದನ್ನು ನಾವು ಹಿರಿಯರಿಂದ ಕೇಳಿದ್ದೇವೆ.

ಹಾಗೆಂದು ಆ ಪಟ್ಟಿ ಓದಿ ಸಿಟ್ಟಾದ ತರುಣ ದುಷ್ಟನೇ? ಓದು ಮುಗಿಸಿ ಕೆಲಸವಿಲ್ಲದೆ ಕುಳಿತವನ ಕಷ್ಟ ನಿಜವಾದದ್ದೇ. ಅದಕ್ಕೆ ತೋರಿಸಿಕೊಟ್ಟ ಕಾರಣ ಮಾತ್ರ ಸುಲಭದ್ದು. ಉದ್ಯೋಗ ಏಕೆ ಸಾಲದು ಎಂಬುದರ ಉತ್ತರ ಉದ್ದ. ಪಕ್ಕದ ಮೇಜಿನವನ ಹೆಸರು ಗಿಡ್ಡ, ಕಣ್ಣಿಗೆ ಕಾಣುವಂಥದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ನೆಂಟರು ‘ಹೊರಗಿನವರೇ ತುಂಬಿಬಿಟ್ಟರು’ ಎಂದರೆ ನಾವೂ ತಲೆಯಾಡಿಸಿ ಬರುತ್ತೇವೆ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಬಳಿಕ ಅಲ್ಲಿ ಹಲ್ಲೆಗೊಳಗಾದ ತಮಿಳರಲ್ಲಿ ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದವರು ಎಷ್ಟಿರಲಿಲ್ಲ? ಸ್ಥಳೀಯರಿಗೆ ಕೆಲಸ ಬೇಕೆಂದು ಕೇಳುವುದು ತಪ್ಪಲ್ಲ. ಸರೋಜಿನಿ ಮಹಿಷಿ ಸಮಿತಿ ಅದನ್ನು ವರದಿಯಾಗಿ ಸರಕಾರದ ಮುಂದಿಟ್ಟಿತು. ಬೇಡಿಕೆ ಸರಕಾರದ ಬಾಗಿಲಿಗೆ ಹೋದರೆ ನ್ಯಾಯ, ನೆರೆಯವನ ಬಾಗಿಲಿಗೆ ಹೋದರೆ ಅನ್ಯಾಯ.

ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಇನ್ನೊಂದು ಪಾಠವೂ ಉಂಟು. ಸಂಜೆ ಮನೆಗೆ ಹೊರಟಾಗ ನಾವು ‘ಜನ’. ಬೆಳಿಗ್ಗೆ ಕಿಟಕಿಯ ಆಚೆ ನಿಂತವರಿಗೆ ನಾವೇ ‘ಅವರು’. ಕಡತ ಏಕೆ ತಡವಾಯಿತೆಂದು ಹೇಳದೆ ‘ನಾಳೆ ಬನ್ನಿ’ ಎಂದು ಕಳಿಸಿದಾಗ, ಅವರು ಮನೆಗೆ ಕೊಂಡೊಯ್ಯುವ ಸಿಟ್ಟಿನಲ್ಲಿ ನಮ್ಮ ಪಾಲೂ ಇದೆ. ಹೀಗೆ ಎಲ್ಲ ಕಿಟಕಿಗಳೂ ಮುಚ್ಚಿದಂತೆ ಕಂಡಾಗ ಮೂರನೆಯ ಬಗೆ ತಲೆಯೆತ್ತುತ್ತದೆ: ನಿಯಮ, ಸಭೆ, ಕೋರ್ಟು ಯಾವುದೂ ಬೇಡ, ಒಬ್ಬ ನಾಯಕ ಬಂದು ಎಲ್ಲವನ್ನೂ ಸರಿಮಾಡಲಿ ಎಂಬ ಆಸೆ.

ಆದ್ದರಿಂದ ‘ಎಲ್ಲಾ ಅವರಿಂದಲೇ’ ಎಂಬ ಮಾತು ನಾಲಿಗೆಗೆ ಬಂದಾಗ, ಯಾರು, ಏನು ಮಾಡಿದರು ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಉತ್ತರ ಸಿಕ್ಕರೆ ಅರ್ಜಿ ಬರೆಯಬಹುದು, ಮತ ಹಾಕಬಹುದು. ಸಿಗದಿದ್ದರೆ ಸುಮ್ಮನಿರುವುದು ಮೇಲು. ಒಮ್ಮೆ ಪಟ್ಟಿಗೆ ಸೇರಿದವರ ಮಕ್ಕಳು ನಾವು. ಇನ್ನೊಬ್ಬರ ಪಟ್ಟಿ ಬರೆಯಲು ಕೂರಬಾರದು.