ಅಟ್ಟಿಯ ಅಳತೆ ಮತ್ತು ಅಮಾನತ್



ಪವಿತ್ರ ಕುರ್‌ಆನಿನ 83ನೇ ಅಧ್ಯಾಯದ ಹೆಸರೇ 'ಅಲ್ ಮುತಫ್ಫಿಫೀನ್', ಅಂದರೆ ಅಳತೆಯಲ್ಲಿ ವಂಚಿಸುವವರು. ಜನರಿಂದ ಅಳೆದು ಪಡೆಯುವಾಗ ಪೂರ್ತಿಯಾಗಿ ಪಡೆದು, ಅವರಿಗೆ ಅಳೆದು ಕೊಡುವಾಗ ಕಡಿತ ಮಾಡುವವರಿಗೆ ಅದರಲ್ಲಿ ವಿನಾಶದ ಎಚ್ಚರಿಕೆಯಿದೆ. ಅದನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ದಿನಸಿ ಅಂಗಡಿಯ ತಕ್ಕಡಿ ಮಾತ್ರ. ಕೆಲವು ತಿಂಗಳ ಹಿಂದೆ ಜುಮುಅ ನಮಾಝಿನ ಬಳಿಕ ಮರದ ವ್ಯಾಪಾರಿಯೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಪುನಃ ಆ ಅಧ್ಯಾಯದತ್ತ ಎಳೆಯಿತು.

"ಉಸ್ತಾದರೇ, ಈಗ ನಾನು ಟೇಪು ಹಿಡಿಯುವುದಿಲ್ಲ. ಅಟ್ಟಿಯ ಫೋಟೋ ತೆಗೆದರೆ ಮೊಬೈಲೇ ಲೆಕ್ಕ ಹೇಳುತ್ತದೆ. ಯಂತ್ರ ಅಳೆದದ್ದಕ್ಕೂ ನಾನು ಅಲ್ಲಾಹನ ಮುಂದೆ ಉತ್ತರಿಸಬೇಕೇ?"

ಅಳೆಯುವುದು ಹೇಗೆಂದು ಕೇಳಿದೆ. ರೈತರ ಜಮೀನಿನಲ್ಲಿ ಕಡಿದ ಅಕೇಶಿಯಾ ತುಂಡುಗಳನ್ನು ಒಂದರ ಮೇಲೊಂದು ಅಟ್ಟಿ ಹಾಕುತ್ತಾರೆ. ಉದ್ದ ಗೊತ್ತಿರುವ ಒಂದು ಕೋಲನ್ನು ಅದಕ್ಕೆ ಒರಗಿಸಿ ಚಿತ್ರ ತೆಗೆಯುತ್ತಾರೆ. ಯಂತ್ರವು ಆ ಕೋಲಿನ ಆಧಾರದಿಂದ ಅಟ್ಟಿಯ ಮುಖದ ವಿಸ್ತೀರ್ಣವನ್ನು ಕಂಡುಕೊಂಡು, ತುಂಡಿನ ಉದ್ದದಿಂದ ಗುಣಿಸುತ್ತದೆ. ಬರುವುದು ಅಟ್ಟಿಯ ಗಾತ್ರ, ಮರದ ಗಾತ್ರವಲ್ಲ. ತುಂಡುಗಳ ನಡುವೆ ಗಾಳಿಯೂ ಇದೆಯಲ್ಲ! ಸಾಮಾನ್ಯವಾಗಿ ನೂರರಲ್ಲಿ 60–70 ಪಾಲು ಮಾತ್ರ ಮರ. ತುಂಡು ಡೊಂಕಾದಷ್ಟೂ ಸಪೂರವಾದಷ್ಟೂ ಆ ಪಾಲು ಇಳಿಯುತ್ತದೆ. ಅಟ್ಟಿಯ ಹಿಂಬದಿಯನ್ನು ಮುಂದಿನ ಫೋಟೋ ಕಾಣುವುದಿಲ್ಲ.

"ತುಂಡಿನ ಉದ್ದವನ್ನು ಯಂತ್ರಕ್ಕೆ ಹೇಳುವವರು ಯಾರು?" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಾದರು. "ನಾನೇ" ಎಂದರು. ತುಂಡು ಕಡಿಸುವುದು 1.10 ಮೀಟರಿಗೆ, ಒತ್ತುವುದು 1 ಮೀಟರ್ ಎಂದು! ಮುಖ 20 ಚದರ ಮೀಟರ್ ಇದ್ದರೆ ಅಟ್ಟಿ 22 ಘನ ಮೀಟರ್. ರೈತನಿಗೆ ಹಣ ಸಿಗುವುದು 20ಕ್ಕೆ.

ಓದುಗರೇ, ಇಲ್ಲಿ ಒಂದು ವಿವೇಚನೆ ಅಗತ್ಯ. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ವರ್ಗಗೊಳಿಸಿ ಉದ್ದದಿಂದ ಗುಣಿಸುವ ಹಳೆಯ ಲೆಕ್ಕವಿದೆ. ಅದು ದುಂಡು ಮರದ ನಿಜ ಗಾತ್ರದ ಶೇಕಡಾ 78.5ರಷ್ಟನ್ನೇ ತೋರಿಸುತ್ತದೆ. ಆದರೆ ಅದು ಇಬ್ಬರಿಗೂ ತಿಳಿದ ವಾಡಿಕೆ, ಬೆಲೆ ನಿಲ್ಲುವುದೂ ಆ ಲೆಕ್ಕದ ಮೇಲೆಯೇ. ಇಬ್ಬರೂ ರಾಶಿಯನ್ನು ನೋಡಿ, ಅಳೆಯದೆ ಒಟ್ಟಾಗಿ ಮಾರಿಕೊಳ್ಳುವುದಕ್ಕೂ ಶರೀಅತ್ ಅವಕಾಶ ನೀಡಿದೆ. ಅಳತೆ ಒರಟಾಗಿರುವುದು ಅಪರಾಧವಲ್ಲ. ಒಬ್ಬನಿಗೆ ತಿಳಿದದ್ದನ್ನು ಇನ್ನೊಬ್ಬನಿಂದ ಮರೆಸುವುದು ಅಪರಾಧ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿದ ಘಟನೆ ನೆನಪಿರಲಿ. ಮಳೆಯಲ್ಲಿ ನೆನೆಯಿತೆಂದು ಮಾರುವವನು ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು.

ಅವರು ಸ್ವತಃ ಕೊಳ್ಳುವವರಾಗಿದ್ದಾಗ ಹೇಗಿದ್ದರು? ಸುವೈದ್ ಬಿನ್ ಕೈಸ್‌ರಿಂದ(ರ) ಉಡುಪು ಕೊಂಡು, ಬೆಲೆಯನ್ನು ತೂಗುವವನಿಗೆ ತಕ್ಕಡಿ ತುಸು ವಾಲುವಂತೆ ಹೆಚ್ಚು ತೂಗಿ ಕೊಡೆಂದರು. ಕೊಳ್ಳುವವನ ಕೈಯಲ್ಲೇ ಅಳತೆಗೋಲು ಇರುವ ಮರದ ವ್ಯಾಪಾರದಲ್ಲಿ ಈ ಮಾದರಿ ಎಷ್ಟು ಅಪರೂಪ!

"ಈಗ ನಾನೇನು ಮಾಡಲಿ?" ಎಂದು ಅವರು ಕೇಳಿದರು. "ಹಾಜಿಯವರೇ, ತೌಬಾ ಅಲ್ಲಾಹನಿಗೆ, ಹಣ ರೈತರಿಗೆ" ಎಂದೆ. ಮೂವರ ಲೆಕ್ಕ ಪುಸ್ತಕದಲ್ಲಿತ್ತು. ಒಬ್ಬರು ತೀರಿಕೊಂಡಿದ್ದರು, ಅವರ ಪಾಲು ವಾರಸುದಾರರದ್ದು. ಇನ್ನೊಬ್ಬರು ಜಮೀನು ಮಾರಿ ಊರು ಬಿಟ್ಟಿದ್ದರು. ಅವರನ್ನು ಹುಡುಕಬೇಕು, ಎಷ್ಟು ಹುಡುಕಿದರೂ ಸಿಗದಿದ್ದರೆ ಅವರ ಪರವಾಗಿ ದಾನ ಮಾಡಬೇಕು, ಮುಂದೆಂದಾದರೂ ಅವರು ಬಂದು ಕೇಳಿದರೆ ಕೊಡಲೂ ಸಿದ್ಧವಿರಬೇಕು. ರೈತ ಮುಸ್ಲಿಮನೇ ಅಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಮೂರನೆಯವರ ಮನೆಗೆ ನನ್ನನ್ನೂ ಕರೆದೊಯ್ದರು. ಆ ವೃದ್ಧರು ವಿಷಯ ಕೇಳಿ, ಹಣವನ್ನು ಎರಡು ಸಲ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಜ್ಜಿಗೆ ತರಿಸಿದರು. "ಬರುವ ವರ್ಷವೂ ನೀವೇ ಬನ್ನಿ. ಆದರೆ ಟೇಪು ನಾನು ಹಿಡಿಯುತ್ತೇನೆ" ಎಂದರು.