ರಸ್ತೆ ದಾಟುವ ಕಪ್ಪೆಯೂ ನಮ್ಮ ದಯೆಯೂ

ಸೃಷ್ಟಿಯನ್ನು ಪೂಜಿಸುವದನ್ನು ಬಿಟ್ಟವರಾದ ನಾವು ಸೃಷ್ಟಿಗೆ ದಯೆ ತೋರಿಸುವದನ್ನೂ ಬಿಡಬಹುದೋ?

ಮುಂಗಾರಿನ ಮೊದಲ ಮಳೆಯ ರಾತ್ರಿ ಗೋಕಾಕ ಫಾಲ್ಸಿನ ಸುತ್ತಲಿನ ಹೊಲಗಳಿಂದ ಕಪ್ಪೆಗಳು ಹೊರಟು, ಮೊಟ್ಟೆಯಿಡುವದಕ್ಕೆ ನೀರನ್ನು ಹುಡುಕುತ್ತಾ ರಸ್ತೆಯನ್ನು ದಾಟುವಾಗ ಗಾಲಿಗಳ ಕೆಳಗೆ ಸಾಯುತ್ತವೆ. ಇಂಗ್ಲೆಂಡಿನಲ್ಲಿಯೂ, 1834ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಬಾಸೆಲ್ ಪಟ್ಟಣವಿರುವ ಸ್ವಿಟ್ಜರ್ಲೆಂಡಿನಲ್ಲಿಯೂ ಚಳಿಗಾಲ ಮುಗಿಯುತ್ತಲೇ ನೆಲಗಪ್ಪೆಗಳು ಹೀಗೆಯೇ ತಮ್ಮ ಕೆರೆಗಳಿಗೆ ಹೊರಡುತ್ತವೆ. ಆಗ ಅಲ್ಲಿಯ ಕೆಲವರು ಕೂಲಿಯನ್ನು ಬಯಸದೆ, ದೀಪವನ್ನೂ ಬಕೆಟನ್ನೂ ಹಿಡಿದು ಮಳೆಯಲ್ಲಿ ನಿಂತು, ಅವುಗಳನ್ನು ಎತ್ತಿಕೊಂಡು, ಅವು ಹೊರಟ ದಿಕ್ಕಿನ ಅಂಚಿಗೇ ಬಿಡುತ್ತಾರೆ.

ಕಪ್ಪೆಯು ಐಗುಪ್ತದ ಬಾಧೆಯಲ್ಲವೇ, ಮಳೆ ತಪ್ಪಿದಾಗ ಜನರು ಅದಕ್ಕೆ ಮದುವೆ ಮಾಡುವದಿಲ್ಲವೇ, ನಮಗೆ ಅದರ ಗೊಡವೆ ಯಾಕೆ ಎಂದು ಕೆಲವರು ಅನ್ನುವರು. ಐಗುಪ್ತದಲ್ಲಿ ದೋಷವು ಫರೋಹನ ಕಠಿಣ ಹೃದಯದಲ್ಲಿತ್ತು, ಕಪ್ಪೆಯಲ್ಲಿರಲಿಲ್ಲ. ಕಪ್ಪೆಯು ಮಳೆಯನ್ನು ಕೊಡಲಾರದು ನಿಜ. ಆದರೆ ಮಳೆಯನ್ನು ಕೊಡುವಾತನೇ ಅದನ್ನೂ ಉಂಟುಮಾಡಿದನು.

ಬಾಗಿಲಲ್ಲಿ ಹಸಿದ ಮನುಷ್ಯನಿರುವಾಗ ಕಪ್ಪೆಯ ಚಿಂತೆ ಯಾಕೆ ಎಂದು ಬೇರೆ ಕೆಲವರು ಕೇಳುವರು. ಮನುಷ್ಯನೇ ಮೊದಲು, ಸಂದೇಹವಿಲ್ಲ. ಆದರೂ ಗಾಡಿಯನ್ನು ಸಾವಕಾಶ ಮಾಡಿದರೆ ಯಾವ ಬಡವನ ರೊಟ್ಟಿಯೂ ಕಡಿಮೆಯಾಗದು. ಅಲ್ಪ ಬೆಲೆಯ ಗುಬ್ಬಿಯನ್ನೂ ದೇವರು ಮರೆಯನೆಂದು ಕರ್ತನು ಕಲಿಸಿದ್ದಾನಲ್ಲವೇ (ಲೂಕ 12:6)? ನೆರೆಯವನಿಗೆ ಉಪಕಾರ ಮಾಡುವಾಗ ಪ್ರತ್ಯುಪಕಾರದ ಆಶೆಯು ನಮ್ಮಲ್ಲಿ ಅಡಗಿರಬಹುದು; ಕಪ್ಪೆಯಾದರೋ ಕೃತಜ್ಞತೆಯ ಮಾತನ್ನೂ ಆಡಲಾರದು. ಆದದರಿಂದ ಅಂಥದಕ್ಕೆ ತೋರಿಸುವ ದಯೆಯಲ್ಲಿ ನಮ್ಮ ಹೃದಯದ ನಿಜಸ್ಥಿತಿ ಪ್ರಕಟವಾಗುವದು.

ಹೀಗಿರಲಾಗಿ ಮಳೆಯ ರಾತ್ರಿಯಲ್ಲಿ ಮೋಟಾರು ನಡಿಸುವವರು ನಿಧಾನಿಸಲಿ. ನಮ್ಮ ಮಕ್ಕಳು ಕಲ್ಲೆಸೆಯದಿರಲಿ. ವಿಗ್ರಹಗಳನ್ನು ಬಿಟ್ಟವರು ಕನಿಕರವನ್ನು ಬಿಟ್ಟವರಲ್ಲವೆಂದು ನೆರೆಯವರು ಕಾಣಲಿ.